ಮೂರು ಲೋಟ, ಎರಡು ಬಿಯರ್

ಬೆಂಗಳೂರಿನ ಯಾವುದೇ ಬಾರಿನಲ್ಲಿ ಸಂಜೆ ಏಳರ ಮೇಲೆ ಕೂತರೆ ಒಂದು ವಾದ ಕಿವಿಗೆ ಬೀಳದೆ ಇರುವುದಿಲ್ಲ. ‘ಮಗಾ, ಕೆಎಫ್ ಬಿಟ್ರೆ ನಂಗೆ ಬೇರೆ ಯಾವ್ದೂ ಸೆಟ್ ಆಗಲ್ಲ’ ಎನ್ನುತ್ತಾನೆ ಒಬ್ಬ. ‘ಕುಡಿದ್ರೆ ಬಡ್‌ವೈಸರ್ ಕುಡೀಬೇಕು, ಎಷ್ಟು ಸ್ಮೂತು ಗೊತ್ತಾ?’ ಎನ್ನುತ್ತಾನೆ ಇನ್ನೊಬ್ಬ. ಗೋವಾದ ಬೀಚಿನಲ್ಲಿ ಕುಡಿದ ಕಿಂಗ್ಸ್ ಮುಂದೆ ಇವೆಲ್ಲ ಯಾವ ಲೆಕ್ಕ ಎಂಬುದು ಮೂರನೆಯವನ ಮಾತು. ನಾಲ್ಕನೆಯವನು ಮೊಬೈಲಿನಿಂದ ತಲೆ ಎತ್ತದೆ ವೇಟರ್‌ಗೆ ಹೇಳುತ್ತಾನೆ: ‘ಅಣ್ಣಾ, ಯಾವ್ದಾದ್ರೂ ಸರಿ, ಚಿಲ್ಡ್ ಇರ್ಲಿ.’

ಪ್ರಯೋಗಾಲಯದ ಪುರಾವೆಗಳನ್ನು ನಂಬುವುದಾದರೆ ನಾಲ್ವರಲ್ಲಿ ಸತ್ಯಕ್ಕೆ ಹತ್ತಿರ ಇರುವವನು ನಾಲ್ಕನೆಯವನು.

ಈ ಅಧ್ಯಾಯ ಇಂಥವರ ಕುರಿತು. ಬಿಯರ್ ಪಂಡಿತರ ಕುರಿತಲ್ಲ. ವಾರಕ್ಕೋ ತಿಂಗಳಿಗೋ ಒಮ್ಮೆ ಗೆಳೆಯರ ಜೊತೆ ಒಂದೆರಡು ಬಾಟಲಿ ಕುಡಿಯುವ, ಆದರೆ ‘ನನ್ನ ಬ್ರ್ಯಾಂಡ್’ ಎಂದು ಒಂದನ್ನು ಎದೆಗೆ ಅಪ್ಪಿಕೊಂಡಿರುವ ಸಾಮಾನ್ಯರ ಕುರಿತು. ಅವರ ಇಷ್ಟ ಎಲ್ಲಿ ಹುಟ್ಟುತ್ತದೆ? ನಾಲಿಗೆಯಲ್ಲೇ ಎಂದು ಅವರು ಪ್ರಮಾಣ ಮಾಡಿ ಹೇಳುತ್ತಾರೆ. ಅದನ್ನು ಪರೀಕ್ಷಿಸುವ ವಿಧಾನ ಬಿಯರ್ ಕಾರ್ಖಾನೆಗಳಲ್ಲೇ ರೂಪುಗೊಂಡಿತು ಎಂಬುದು ಈ ಕಥೆಯ ಸ್ವಾರಸ್ಯ. ಅದಕ್ಕೆ ಮೊದಲು, ಅವರ ಮೇಜಿನ ಮೇಲಿರುವ ಬಾಟಲಿಗಳು ಯಾಕೆ ಒಂದೇ ತಾಯಿಯ ಮಕ್ಕಳಂತಿವೆ ಎಂಬುದನ್ನು ನೋಡಬೇಕು.

1838ರಲ್ಲಿ, ಇಂದಿನ ಚೆಕ್ ದೇಶದ ಪಿಲ್ಸೆನ್ ಎಂಬ ಊರಿನಲ್ಲಿ 36 ಪೀಪಾಯಿ ಬಿಯರನ್ನು ಪುರಭವನದ ಎದುರು ನೆಲಕ್ಕೆ ಸುರಿದರು. ಕುಡಿಯಲು ಲಾಯಕ್ಕಿಲ್ಲದಷ್ಟು ಅದು ಕೆಟ್ಟಿತ್ತು. ಬಿಯರ್ ತಯಾರಿಸುವ ಹಕ್ಕು ಪಡೆದಿದ್ದ ಊರ ಮಂದಿಯೆಲ್ಲ ಸೇರಿ ಹೊಸ ಬ್ರೂವರಿ ಕಟ್ಟಿ, ಬವೇರಿಯಾದಿಂದ ಯೋಸೆಫ್ ಗ್ರೋಲ್ ಎಂಬ ಕುಶಲಿಯನ್ನು ಕರೆಸಿದರು. ವಯಸ್ಸು 29, ಒರಟ ಎಂದು ಹೆಸರಾದವನು. 1842ರ ಅಕ್ಟೋಬರ್ 5ರಂದು ಅವನು ಹೂಡಿದ ಬಿಯರ್ ಅಲ್ಲಿಯವರೆಗಿನ ಕಂದು, ಮಸುಕು ಬಿಯರ್‌ಗಳಂತಿರಲಿಲ್ಲ. ಹೊನ್ನಿನ ಬಣ್ಣ, ತಿಳಿ, ಮೇಲೆ ಬೆಳ್ಳನೆಯ ನೊರೆ. ಕಾರಣಗಳು ಮೂರ್ನಾಲ್ಕು ಒಟ್ಟಿಗೆ ಕೂಡಿಬಂದಿದ್ದವು. ಪಿಲ್ಸೆನ್ ನೀರಿನಲ್ಲಿ ಲವಣ ತೀರ ಕಡಿಮೆ. ಹತ್ತಿರದ ಜಾಟೆಟ್ಸ್ ಪ್ರದೇಶದ ಹಾಪ್ಸ್ ಹೂವಿಗೆ ನವಿರಾದ ಪರಿಮಳ. ಮುಖ್ಯವಾಗಿ ಮಾಲ್ಟ್ ಒಣಗಿಸುವ ವಿಧಾನ ಬದಲಾಗಿತ್ತು. ನಮ್ಮಲ್ಲಿ ರಾಗಿಯನ್ನು ನೆನೆಸಿ ಮೊಳಕೆ ಬರಿಸಿ ಒಣಗಿಸುವಂತೆ ಅಲ್ಲಿ ಬಾರ್ಲಿ. ಮೊಳಕೆಯಲ್ಲಿ ಹುಟ್ಟುವ ಕಿಣ್ವಗಳು ಕಾಳಿನ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಹಿಂದೆ ಆ ಮೊಳಕೆಯನ್ನು ಸೌದೆಯ ಹೊಗೆಯಲ್ಲೇ ಒಣಗಿಸುತ್ತಿದ್ದರು, ಅದು ಕಂದಾಗುತ್ತಿತ್ತು. ಹೊಗೆ ತಾಗದಂತೆ ಬಿಸಿಗಾಳಿಯಲ್ಲಿ ಒಣಗಿಸುವ ಇಂಗ್ಲಿಷ್ ತಂತ್ರ ಆಗಷ್ಟೇ ಮಧ್ಯ ಯುರೋಪಿಗೆ ಬಂದಿತ್ತು.

ಗ್ರೋಲ್ ಬಳಸಿದ ಯೀಸ್ಟ್ ಬವೇರಿಯಾದ್ದು. ಅದು ಚಳಿಯಲ್ಲಿ ನಿಧಾನ ಕೆಲಸ ಮಾಡಿ ಪಾತ್ರೆಯ ತಳಕ್ಕೆ ಇಳಿಯುವ ಜಾತಿ. ಬವೇರಿಯಾದಲ್ಲಿ 1553ರಿಂದ ಬೇಸಿಗೆಯಲ್ಲಿ ಬಿಯರ್ ತಯಾರಿಸುವುದನ್ನೇ ನಿಷೇಧಿಸಿದ್ದರು. ಬಿಸಿಲಲ್ಲಿ ಬಿಯರ್ ಹುಳಿಯುತ್ತಿತ್ತು. ಚಳಿಗಾಲದ ಬಿಯರ್ ಮಾತ್ರ ಉಳಿದದ್ದರಿಂದ ಚಳಿ ತಾಳುವ ಯೀಸ್ಟೇ ತಲೆಮಾರುಗಳ ಕಾಲ ಆಯ್ಕೆಯಾಗುತ್ತ ಬಂತು. ಈ ಯೀಸ್ಟ್ ಒಂದು ಮಿಶ್ರತಳಿ ಎಂದು ಈಗ ಗೊತ್ತಿದೆ. ಅದರ ಒಬ್ಬ ಪೋಷಕ ನಮ್ಮ ಬ್ರೆಡ್ಡಿನ ಯೀಸ್ಟ್. ಇನ್ನೊಬ್ಬ ಪೋಷಕನ ವಿಳಾಸ ಬಹುಕಾಲ ಸಿಕ್ಕಿರಲಿಲ್ಲ. 2011ರಲ್ಲಿ ದಕ್ಷಿಣ ಅಮೆರಿಕದ ತುದಿಯ ಪ್ಯಾಟಗೋನಿಯಾ ಕಾಡುಗಳಲ್ಲಿ, ಬೀಚ್ ಜಾತಿಯ ಮರಗಳ ಗಂಟುಗಳಲ್ಲಿ ಅದು ಪತ್ತೆಯಾಯಿತು. ಮುಂದೆ ಟಿಬೆಟ್‌ನಲ್ಲೂ ಐರ್ಲೆಂಡಿನಲ್ಲೂ ಸಿಕ್ಕಿತು.

ಆಮೇಲಿನದು ಎಂಜಿನಿಯರಿಂಗ್. 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆ ತಂಪು ಯಂತ್ರವನ್ನು ರೂಪಿಸಿದಾಗ ಅವನ ಬೆನ್ನಿಗೆ ನಿಂತವರು ಮ್ಯೂನಿಕ್ಕಿನ ಬಿಯರ್ ತಯಾರಕರು. ನಮ್ಮ ಮನೆಯ ಫ್ರಿಜ್ಜಿನ ವಂಶಾವಳಿಯಲ್ಲಿ ಒಂದು ಬ್ರೂವರಿ ಇದೆ. 1876ರಲ್ಲಿ ಲೂಯಿ ಪಾಶ್ಚರ್ ಬಿಯರ್ ಕೆಡುವುದು ಯಾಕೆ ಎಂಬ ಬಗ್ಗೆ ದಪ್ಪದೊಂದು ಪುಸ್ತಕವನ್ನೇ ಬರೆದ. 1883ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಒಂದೇ ಒಂದು ಯೀಸ್ಟ್ ಕೋಶದಿಂದ ಇಡೀ ತಳಿಯನ್ನು ಬೆಳೆಸುವ ವಿಧಾನ ಕಂಡುಹಿಡಿದ. ಮಾಲೀಕ ಜೇಕಬ್‌ಸನ್ ಆ ಗುಟ್ಟನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಲಿಲ್ಲ. ಕೇಳಿದ ಪ್ರತಿಸ್ಪರ್ಧಿಗಳಿಗೂ ಕೊಟ್ಟ. ಆಮ್ಲ, ಕ್ಷಾರ ಅಳೆಯಲು ಶಾಲೆಯಲ್ಲಿ ಕಲಿಯುವ ಪಿಎಚ್ ಮಾಪನವೂ 1909ರಲ್ಲಿ ಅದೇ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ಅಮೆರಿಕಕ್ಕೆ ವಲಸೆ ಹೋದ ಜರ್ಮನ್ನರು ಅಲ್ಲಿನ ಬಾರ್ಲಿಯಲ್ಲಿ ಪ್ರೋಟೀನು ಹೆಚ್ಚೆಂದು ಅಕ್ಕಿಯನ್ನೋ ಮೆಕ್ಕೆಜೋಳವನ್ನೋ ಬೆರೆಸಿ ರುಚಿಯನ್ನು ಇನ್ನಷ್ಟು ತೆಳುಮಾಡಿದರು. 1876ರಲ್ಲಿ ಬಂದ ಬಡ್‌ವೈಸರ್‌ನಲ್ಲಿ ಅಕ್ಕಿ ಇದೆ.

ಹೀಗೆ ಒಂದೇ ಬಗೆಯ ಯೀಸ್ಟ್, ಒಂದೇ ಬಗೆಯ ತಂಪು, ಒಂದೇ ಬಗೆಯ ತಿಳಿ. ಹ್ಯಾನ್ಸನ್, ಲಿಂಡೆಯಂಥವರ ಗುರಿಯೇ ಈ ಸಲದ ಬಿಯರ್ ಕಳೆದ ಸಲದ್ದರಂತೆಯೇ ಇರಬೇಕು ಎಂಬುದು. ಅದು ಸಾಧ್ಯವಾಯಿತು. ಜೊತೆಗೆ ನಮ್ಮ ಬ್ರೂವರಿಯ ಬಿಯರ್ ಪಕ್ಕದ ದೇಶದ ಬ್ರೂವರಿಯದರಂತೆಯೂ ಆಗಿಬಿಟ್ಟಿತು. ಜಗತ್ತಿನಲ್ಲಿ ಇವತ್ತು ಮಾರಾಟವಾಗುವ ಬಿಯರಿನ ಸಿಂಹಪಾಲು ಚಳಿಯ ಯೀಸ್ಟ್ ಹುದುಗಿಸಿದ ಈ ತಿಳಿ ಬಿಯರ್, ಅಂದರೆ ಲಾಗರ್. ಕಿಂಗ್‌ಫಿಶರ್, ಬಡ್‌ವೈಸರ್, ಹೈನೆಕೆನ್, ಕಾರ್ಲ್ಸ್‌ಬರ್ಗ್, ಟ್ಯೂಬೋರ್ಗ್ ಎಲ್ಲವೂ ಪಿಲ್ಸೆನ್ನಿನ ಮರಿಮಕ್ಕಳು.

ಇವುಗಳ ನಡುವಿನ ವ್ಯತ್ಯಾಸವನ್ನು ನಾಲಿಗೆ ಹಿಡಿಯುತ್ತದೆಯೇ? ಈ ಪ್ರಶ್ನೆಯನ್ನು ಗಂಭೀರವಾಗಿ ಕೇಳಿದವರು ತಯಾರಕರೇ. 1940ರ ದಶಕದಲ್ಲಿ ಕಾರ್ಲ್ಸ್‌ಬರ್ಗ್ ಬ್ರೂವರಿಯಲ್ಲಿ ರುಚಿ ನೋಡುವ ಸಿಬ್ಬಂದಿಯನ್ನು ಆರಿಸಲು ಒಂದು ಸರಳ ಪರೀಕ್ಷೆಯನ್ನು ಬಳಸತೊಡಗಿದರು. ಮೂರು ಲೋಟ ಇಡುವುದು. ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ. ‘ಬೇರೆ ಇರುವುದು ಯಾವುದು?’ ಎಂದಷ್ಟೇ ಪ್ರಶ್ನೆ. ಯಾವುದು ಇಷ್ಟ, ಯಾವುದು ದುಬಾರಿ ಎಂಬ ಮಾತೇ ಇಲ್ಲ. ಏನೂ ಗೊತ್ತಾಗದೆ ಸುಮ್ಮನೆ ಬೆರಳು ತೋರಿಸಿದರೂ ಮೂರರಲ್ಲೊಂದು ಸಲ ಸರಿಯಾಗುತ್ತದೆ, ಆದ್ದರಿಂದ ಅದಕ್ಕಿಂತ ಎಷ್ಟು ಮೇಲೆ ಹೋದರು ಎಂಬುದೇ ಲೆಕ್ಕ. ಇಂಥ ಸಣ್ಣ ಸಂಖ್ಯೆಗಳಿಂದ ದೊಡ್ಡ ತೀರ್ಮಾನಕ್ಕೆ ಹಾರದಂತೆ ತಡೆಯುವ ಗಣಿತಕ್ಕೂ ಬಿಯರ್ ವಾಸನೆ ಇದೆ. ಡಬ್ಲಿನ್ನಿನ ಗಿನ್ನೆಸ್ ಬ್ರೂವರಿಯಲ್ಲಿ ಕೆಲಸಕ್ಕಿದ್ದ ವಿಲಿಯಂ ಗಾಸೆಟ್ 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದ ಲೇಖನವೇ ಇಂದು ಪ್ರತಿಯೊಬ್ಬ ಪಿಎಚ್‌ಡಿ ವಿದ್ಯಾರ್ಥಿಯೂ ಉರುಹೊಡೆಯುವ ಟಿ-ಟೆಸ್ಟಿನ ಮೂಲ. ಕಂಪನಿ ತನ್ನ ಉದ್ಯೋಗಿಗಳು ಹೆಸರು ಹಾಕಿ ಪ್ರಕಟಿಸುವುದನ್ನು ಒಪ್ಪುತ್ತಿರಲಿಲ್ಲ.

ಮೂರು ಲೋಟದ ಪರೀಕ್ಷೆಯನ್ನು ಸಾಮಾನ್ಯರಿಗೆ ಕೊಟ್ಟರೆ? ಯೋಹಾನ್ ಅಲ್ಮೆನ್‌ಬರ್ಗ್, ಅನಾ ಡ್ರೇಬರ್, ರಾಬಿನ್ ಗೋಲ್ಡ್‌ಸ್ಟೀನ್ ಎಂಬ ಮೂವರು ಸಂಶೋಧಕರು ಅದನ್ನೇ ಮಾಡಿದರು. ಚೆಕ್ ದೇಶದ ಚೆಕ್‌ವಾರ್, ಡಚ್ಚರ ಹೈನೆಕೆನ್, ಬೆಲ್ಜಿಯಂನ ಸ್ಟೆಲ್ಲಾ ಆರ್ಟ್ವಾ, ಈ ಮೂರು ಹೆಸರಾಂತ ಲಾಗರ್‌ಗಳನ್ನು ಎರಡೆರಡಾಗಿ ಜೋಡಿಸಿ 138 ಸ್ವಯಂಸೇವಕರ ಮುಂದೆ ಇಟ್ಟರು. ಮೂರು ಜೋಡಿಗಳಲ್ಲಿ ಎರಡರಲ್ಲಿ ಜನರ ಉತ್ತರ ಕಣ್ಣುಮುಚ್ಚಿ ಊಹಿಸಿದ್ದಕ್ಕಿಂತ ಮೇಲಾಗಿರಲಿಲ್ಲ. ಮೂರನೆಯದರಲ್ಲಿ ಕೂದಲೆಳೆಯಷ್ಟು ಮೇಲೆ.

ಇದಕ್ಕೂ ಹಳೆಯದು, ನನ್ನ ಮಟ್ಟಿಗೆ ಇದಕ್ಕಿಂತ ಚುರುಕಾದದ್ದು, ಅಮೆರಿಕದಲ್ಲಿ 1964ರಲ್ಲಿ ಆಲಿಸನ್ ಮತ್ತು ಊಲ್ ಪ್ರಕಟಿಸಿದ ಅಧ್ಯಯನ. ವಾರಕ್ಕೆ ಕನಿಷ್ಠ ಮೂರು ಸಲ ಬಿಯರ್ ಕುಡಿಯುವ 326 ಮಂದಿಯ ಮನೆಗೆ ಅವರು ಬಾಟಲಿಗಳನ್ನು ಕಳಿಸಿದರು, ಲೇಬಲ್ ಕಿತ್ತು. ಕುಡಿದು ಅಂಕ ಕೊಡಿ ಎಂದರು. ಎಲ್ಲ ಬಿಯರ್‌ಗಳಿಗೂ ಹೆಚ್ಚುಕಮ್ಮಿ ಒಂದೇ ಅಂಕ ಬಂತು. ತಮ್ಮದೇ ಪ್ರಿಯವಾದ ಬ್ರ್ಯಾಂಡನ್ನು ಜನ ಗುರುತಿಸಲಿಲ್ಲ. ಆಮೇಲೆ ಲೇಬಲ್ ಸಹಿತ ಕಳಿಸಿದರು. ಈ ಸಲ ಅಂಕಗಳು ಏರಿದವು, ಅದೂ ಎಲ್ಲಕ್ಕಿಂತ ಹೆಚ್ಚು ಏರಿದ್ದು ಅವರವರ ಸ್ವಂತ ಬ್ರ್ಯಾಂಡಿಗೆ. ಕುಡಿದವರು ಅವರೇ, ಕುಡಿದದ್ದೂ ಅದೇ ಬಿಯರ್‌ಗಳನ್ನು. ಹೆಚ್ಚಾಗಿ ಬಂದದ್ದು ಒಂದು ಚೂರು ಕಾಗದ.

ಇದನ್ನು ಓದಿ ‘ಜನ ಸುಳ್ಳು ಹೇಳುತ್ತಾರೆ’ ಎಂದು ಅಂದುಕೊಳ್ಳುವುದು ತಪ್ಪು. ಲೇಬಲ್ ಕಂಡಾಗ ಅವರಿಗೆ ಬಿಯರ್ ನಿಜವಾಗಿಯೂ ಹೆಚ್ಚು ರುಚಿಸುತ್ತದೆ. ಇದಕ್ಕೆ ಸಾಕ್ಷಿ 2006ರಲ್ಲಿ ಲೆನರ್ಡ್ ಲೀ, ಶೇನ್ ಫ್ರೆಡರಿಕ್ ಮತ್ತು ಡ್ಯಾನ್ ಏರಿಯೆಲಿ ಪ್ರಕಟಿಸಿದ ಪ್ರಯೋಗ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಬಳಿಯ ಪಬ್‌ಗಳಿಗೆ ಬಂದವರಿಗೆ ಎರಡು ಬಿಯರ್ ಕೊಟ್ಟರು. ಒಂದು ಮಾಮೂಲಿ, ಇನ್ನೊಂದಕ್ಕೆ ಕೆಲವು ಹನಿ ಬಾಲ್ಸಾಮಿಕ್ ವಿನೆಗರ್, ಅಂದರೆ ದ್ರಾಕ್ಷಿಯ ಸಿಹಿಹುಳಿ ವಿನೆಗರ್, ಬೆರೆಸಿದ್ದು. ಏನೂ ಹೇಳದೆ ಕೊಟ್ಟಾಗ 59% ಜನ ವಿನೆಗರ್ ಹಾಕಿದ್ದನ್ನೇ ಮೆಚ್ಚಿದರು! ‘ಇದರಲ್ಲಿ ವಿನೆಗರ್ ಇದೆ’ ಎಂದು ಕುಡಿಯುವ ಮೊದಲೇ ಹೇಳಿದಾಗ ಆ ಪ್ರಮಾಣ 30%ಕ್ಕೆ ಬಿತ್ತು. ಈ ಪ್ರಯೋಗದ ಜಾಣ್ಮೆ ಇರುವುದು ಮೂರನೆಯ ಗುಂಪಿನಲ್ಲಿ. ಅವರಿಗೆ ಕುಡಿದ ಮೇಲೆ, ಆದರೆ ತೀರ್ಪು ಕೇಳುವ ಮೊದಲು ಹೇಳಿದರು. ಅವರಲ್ಲಿ 52% ಜನ ವಿನೆಗರ್ ಬಿಯರ್‌ಗೇ ನಿಂತರು. ನಾಚಿಕೆಗೋ ಮರ್ಯಾದೆಗೋ ಜನ ಉತ್ತರ ಬದಲಿಸುತ್ತಿದ್ದರೆ ಈ ಗುಂಪೂ ಬದಲಿಸಬೇಕಿತ್ತು. ಮೊದಲೇ ತಿಳಿದರೆ ಅನುಭವವೇ ಬದಲಾಗುತ್ತದೆ. ಆಮೇಲೆ ತಿಳಿದರೆ ಅನುಭವ ಆಗಿಹೋಗಿರುತ್ತದೆ.

ಹಾಗಾದರೆ ನಾಲಿಗೆ ಏನು ಮಾಡುತ್ತಿದೆ? ಕಹಿಯನ್ನು ಗ್ರಹಿಸಲೆಂದೇ ನಮ್ಮ ನಾಲಿಗೆಯಲ್ಲಿ ಸುಮಾರು 25 ಬಗೆಯ ಗ್ರಾಹಕಗಳಿವೆ. ಸಿಹಿಗೆ ಇರುವುದು ಒಂದೇ ಬಗೆ. ಪ್ರಕೃತಿಯಲ್ಲಿ ವಿಷಗಳು ಬಹುಪಾಲು ಕಹಿ, ಹಾಗಾಗಿ ಈ ಪಕ್ಷಪಾತ. ಹಾಪ್ಸ್‌ನ ಕಹಿ ಇವುಗಳಲ್ಲಿ ಕೆಲವನ್ನು ತಟ್ಟುತ್ತದೆ. ಮೊದಲ ಸಲ ಬಿಯರ್ ಕುಡಿದ ಹುಡುಗ ಮುಖ ಹಿಂಡುವುದು ಲಕ್ಷಾಂತರ ವರ್ಷಗಳ ವಿಕಾಸದ ಎಚ್ಚರಿಕೆಯ ಗಂಟೆ. ಅದನ್ನು ಅವನು ಮೀರುವುದು ಗೆಳೆಯರ ಸಹವಾಸದಿಂದ, ಪುನರಾವರ್ತನೆಯಿಂದ. ಪದೇ ಪದೇ ಕಂಡದ್ದು ಕ್ರಮೇಣ ಹಿತವೆನಿಸುತ್ತದೆ ಎಂದು ಮನೋವಿಜ್ಞಾನಿ ರಾಬರ್ಟ್ ಜಾಯೊಂಟ್ಸ್ 1968ರಲ್ಲಿ ತೋರಿಸಿದ್ದ. ಹೀಗಾಗಿ ಮೊದಲು ಕಲಿತ ಬ್ರ್ಯಾಂಡಿಗೆ ಜನ ಅಂಟಿಕೊಳ್ಳುವುದರಲ್ಲಿ ಅಚ್ಚರಿಯಿಲ್ಲ.

‘ಚಿಲ್ಡ್’ ಎಂಬ ಆಜ್ಞೆಯ ಹಿಂದೆಯೂ ಜೀವವಿಜ್ಞಾನವಿದೆ. ರುಚಿಯ ಕೋಶಗಳಲ್ಲಿ ಸಿಹಿ, ಕಹಿಗಳ ಸಂಕೇತವನ್ನು ಮುಂದಕ್ಕೆ ದಾಟಿಸುವ ಒಂದು ಅಯಾನು ಕಾಲುವೆ ಉಷ್ಣತೆಗೆ ಬಗ್ಗುತ್ತದೆ. 15 ಡಿಗ್ರಿ ಸೆಲ್ಸಿಯಸ್‌ನಿಂದ 35ರತ್ತ ಏರಿದಂತೆ ಅದರ ಪ್ರತಿಕ್ರಿಯೆ ಜೋರಾಗುತ್ತದೆ ಎಂದು 2005ರಲ್ಲಿ ಗೊತ್ತಾಯಿತು. ಕರಗಿದ ಐಸ್‌ಕ್ರೀಮು ವಾಕರಿಕೆ ಬರುವಷ್ಟು ಸಿಹಿಯಾಗುವುದು ಇದೇ ಕಾರಣಕ್ಕೆ. ಪರಿಮಳದ ಅಣುಗಳೂ ತಂಪಿನಲ್ಲಿ ಅಷ್ಟಾಗಿ ಹಾರುವುದಿಲ್ಲ. ಅವು ಗಂಟಲ ಹಿಂದಿನಿಂದ ಮೂಗಿಗೆ ಏರದಿದ್ದರೆ ನಾವು ‘ರುಚಿ’ ಎನ್ನುವುದರ ಬಹುಭಾಗವೇ ಇಲ್ಲ. ಎಂದರೆ 3-4 ಡಿಗ್ರಿಯ ಬಿಯರಿನಲ್ಲಿ ಬ್ರ್ಯಾಂಡುಗಳ ನಡುವೆ ಇರುವ ಅಷ್ಟಿಷ್ಟು ವ್ಯತ್ಯಾಸವೂ ಮರಗಟ್ಟುತ್ತದೆ. ‘ಯಾವುದಾದರೂ ಸರಿ, ಚಿಲ್ಡ್ ಇರಲಿ’ ಎಂಬ ವಾಕ್ಯದ ಎರಡನೆಯ ಅರ್ಧ ಮೊದಲನೆಯ ಅರ್ಧವನ್ನು ನಿಜ ಮಾಡುತ್ತದೆ.

ಉಳಿಯುವುದು ಗುಳ್ಳೆಯ ಚುಚ್ಚು. ಅದು ಗುಳ್ಳೆ ಒಡೆಯುವುದರಿಂದ ಎಂದೇ ಬಹುಕಾಲ ಭಾವಿಸಿದ್ದರು. ಹುಳಿಯನ್ನು ಗ್ರಹಿಸುವ ಕೋಶಗಳ ಮೇಲಿರುವ ಒಂದು ಕಿಣ್ವ ಇಂಗಾಲದ ಡೈಆಕ್ಸೈಡನ್ನು ಆಮ್ಲವಾಗಿ ಮಾರ್ಪಡಿಸುತ್ತದೆ, ನಾವು ಗುಳ್ಳೆಯನ್ನು ಅಕ್ಷರಶಃ ರುಚಿ ನೋಡುತ್ತೇವೆ ಎಂದು 2009ರಲ್ಲಿ ಇಲಿಗಳ ಮೇಲಿನ ಅಧ್ಯಯನ ತೋರಿಸಿತು. ಪರ್ವತಾರೋಹಿಗಳಿಗೆ ಇದರ ಸುಳಿವು ಮೊದಲೇ ಇತ್ತು. ಎತ್ತರದ ಕಾಯಿಲೆ ತಡೆಯಲು ಹಿಮಾಲಯದ ಚಾರಣಿಗರು ನುಂಗುವ ಡಯಾಮಾಕ್ಸ್ ಮಾತ್ರೆ ಇದೇ ಬಗೆಯ ಕಿಣ್ವವನ್ನು ತಡೆಯುತ್ತದೆ. ಶಿಖರ ಇಳಿದು ಬಂದು ಸಂಭ್ರಮಕ್ಕೆಂದು ಬಿಯರ್ ತೆರೆದವರಿಗೆ ಅದು ಸಪ್ಪೆ, ಪಾತ್ರೆ ತೊಳೆದ ನೀರು.

ಬೆಳಕಿನದು ಬೇರೆಯೇ ಕಥೆ. ಹಾಪ್ಸ್‌ನ ಕಹಿ ಅಣುಗಳು ಬೆಳಕಿಗೆ ಸಿಕ್ಕರೆ, ಬಿಯರಿನಲ್ಲೇ ಇರುವ ರೈಬೋಫ್ಲೇವಿನ್ ಜೀವಸತ್ವದ ನೆರವಿನಿಂದ ಒಡೆದು ಒಂದು ಗಂಧಕಯುಕ್ತ ಅಣು ಹುಟ್ಟುತ್ತದೆ. ಸ್ಕಂಕ್ ಎಂಬ ಅಮೆರಿಕದ ಪ್ರಾಣಿ ವೈರಿಯ ಮೇಲೆ ಚಿಮ್ಮಿಸುವ ನಾತಕ್ಕೆ ಹತ್ತಿರದ ವಾಸನೆ ಅದರದ್ದು. ಲೀಟರಿಗೆ ಕೆಲವೇ ನ್ಯಾನೊಗ್ರಾಂ ಇದ್ದರೂ ಮೂಗು ಹಿಡಿಯುತ್ತದೆ. ಕಂದು ಗಾಜು ಆ ಬೆಳಕನ್ನು ತಡೆಯುತ್ತದೆ, ಹಸಿರು ಗಾಜು ಅಷ್ಟಾಗಿ ತಡೆಯುವುದಿಲ್ಲ, ಬಿಳಿ ಗಾಜು ತಡೆಯುವುದೇ ಇಲ್ಲ. ತಮಾಷೆಯೆಂದರೆ ಹಸಿರು ಬಾಟಲಿಯ ಆ ಘಾಟು ವಾಸನೆಯನ್ನೇ ‘ಫಾರಿನ್ ಬಿಯರಿನ ಟೇಸ್ಟು’ ಎಂದು ಮೆಚ್ಚುವವರಿದ್ದಾರೆ. ದೋಷವೂ ಬ್ರ್ಯಾಂಡಿನ ಜೊತೆ ಅಂಟಿಕೊಂಡು ಬಂದರೆ ಗುಣವಾಗಿಬಿಡುತ್ತದೆ.

ಈಗ ಮತ್ತೆ ಕೆಎಫ್ ಹುಡುಗನ ಕಡೆ. ಅವನ ಕಿಂಗ್‌ಫಿಶರಿನ ಬೇರು ಅವನ ಊರಲ್ಲೇ ಇದೆ. 1915ರಲ್ಲಿ ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಒಟ್ಟುಗೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದ. ಗಿರಾಕಿಗಳು ಮುಖ್ಯವಾಗಿ ದಂಡಿನ ಸಿಪಾಯಿಗಳು. 1947ರಲ್ಲಿ ವಿಠಲ ಮಲ್ಯ ಅದರ ಮೊದಲ ಭಾರತೀಯ ನಿರ್ದೇಶಕರಾದರು. ಕಿಂಗ್‌ಫಿಶರ್ ಬ್ರ್ಯಾಂಡ್ 1978ರದ್ದು. ಹಳೆಯ ಬ್ರೂವರಿ ಇದ್ದ ಜಾಗದಲ್ಲಿ ಈಗ ಯುಬಿ ಸಿಟಿಯ ಗೋಪುರಗಳಿವೆ, ಎದುರಿನ ರಸ್ತೆಗೆ ವಿಠಲ ಮಲ್ಯರ ಹೆಸರಿದೆ, ಕಂಪನಿಯ ಹಿಡಿತ 2021ರಿಂದ ಹೈನೆಕೆನ್ ಕೈಯಲ್ಲಿದೆ. ಟೀವಿಯಲ್ಲಿ ಮದ್ಯದ ಜಾಹೀರಾತಿಗೆ 2000ದಲ್ಲಿ ನಿಷೇಧ ಬಂದ ಮೇಲೆ ಹೆಸರು ಬೇರೆ ದಾರಿಗಳಲ್ಲಿ ಹರಿಯಿತು: ನೀರಿನ ಬಾಟಲಿ, ಕ್ಯಾಲೆಂಡರ್, 2005ರಿಂದ 2012ರವರೆಗೆ ವಿಮಾನಗಳ ಬಾಲ. ನಮ್ಮ ಕ್ರಿಕೆಟ್ ತಂಡ ಆರ್‌ಸಿಬಿಯ ಹೆಸರಿನಲ್ಲೂ ಒಂದು ವಿಸ್ಕಿ ಬ್ರ್ಯಾಂಡ್ ಅಡಗಿದೆ. ಬಿಯರ್ ಕುಡಿಯುವ ವಯಸ್ಸು ಬರುವ ಹೊತ್ತಿಗೆ ಇಲ್ಲಿನ ಹುಡುಗ ಕಿಂಗ್‌ಫಿಶರ್ ಲೇಬಲ್ಲಿನ ಆ ಮಿಂಚುಳ್ಳಿ ಹಕ್ಕಿಯ ಚಿತ್ರವನ್ನು ಸಾವಿರ ಸಲ ನೋಡಿರುತ್ತಾನೆ. ಜಾಯೊಂಟ್ಸ್ ಹೇಳಿದ ಪರಿಚಯದ ಹಿತಕ್ಕೆ ಇದಕ್ಕಿಂತ ದೊಡ್ಡ ಪ್ರಯೋಗ ಬೇಕೆ?

ಪರಿಚಯದ ಮೇಲೆ ಕಟ್ಟುವುದು ಮಿದುಳಿನ ಕಲಿಕೆ. 2013ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಸಂಶೋಧಕರು 49 ಗಂಡಸರನ್ನು ಸ್ಕ್ಯಾನರಿನಲ್ಲಿ ಮಲಗಿಸಿ, ಅವರವರು ಸಾಮಾನ್ಯವಾಗಿ ಕುಡಿಯುವ ಬಿಯರನ್ನು ಹನಿಹನಿಯಾಗಿ ನಾಲಿಗೆಗೆ ಸಿಂಪಡಿಸಿದರು. ಕಾಲು ಗಂಟೆಯಲ್ಲಿ ಒಟ್ಟು 15 ಮಿಲಿಲೀಟರ್, ಒಂದು ದೊಡ್ಡ ಚಮಚದಷ್ಟು. ಅಮಲೇರುವ ಮಾತೇ ಇಲ್ಲ. ಆದರೂ ಮಿದುಳಿನ ‘ಬಹುಮಾನ’ದ ಕೇಂದ್ರದಲ್ಲಿ ಡೋಪಮಿನ್ ಉಕ್ಕಿತು, ಬರೀ ಕ್ರೀಡಾಪಾನೀಯ ಕೊಟ್ಟಾಗ ಹಾಗಾಗಲಿಲ್ಲ. ಹಿಂದೆ ಇದೇ ರುಚಿಯ ಹಿಂದೆಯೇ ಅಮಲು ಬಂದಿತ್ತು ಎಂಬ ನೆನಪು ಸಾಕು. ಕುಟುಂಬದಲ್ಲಿ ಕುಡಿತದ ಚಟ ಇದ್ದವರಲ್ಲಿ ಉಕ್ಕು ಇನ್ನೂ ಜೋರಾಗಿತ್ತು. ‘ನನ್ನ ಬ್ರ್ಯಾಂಡ್’ ಎಂಬ ಪ್ರೀತಿಯಲ್ಲಿ ಈ ಪಾಲು ಅಷ್ಟು ಮುದ್ದಾದದ್ದಲ್ಲ. ಮದ್ಯವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1988ರಲ್ಲೇ ಒಂದನೇ ಗುಂಪಿನ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ, ಬಿಯರ್‌ಗೆ ವಿನಾಯಿತಿ ಇಲ್ಲ. ‘ಕಿಡ್ನಿ ಸ್ಟೋನಿಗೆ ಒಳ್ಳೇದು’ ಎಂದು ಬಾಟಲಿ ಎತ್ತುವವರಿಗೂ ಒಂದು ಮಾತು: ಮೂತ್ರ ಹೆಚ್ಚುವುದು ನಿಜ, ಆದರೆ ಅದು ನೀರನ್ನು ಹಿಡಿದಿಡುವ ಹಾರ್ಮೋನನ್ನು ಆಲ್ಕೋಹಾಲ್ ಅದುಮುವುದರಿಂದ. ಕಲ್ಲು ಅದರಿಂದ ಕರಗುವುದಿಲ್ಲ.

ಸ್ಟ್ರಾಂಗ್ ಬಿಯರಿನ ವಿಷಯದಲ್ಲಿ ಲೆಕ್ಕ ಬೇರೆ. ಭಾರತದಲ್ಲಿ ಮಾರಾಟವಾಗುವ ಬಿಯರಿನ ಹೆಚ್ಚಿನ ಪಾಲು 5%ರಿಂದ 8%ವರೆಗಿನ ಸ್ಟ್ರಾಂಗ್. ಜಗತ್ತಿನ ಹೆಚ್ಚಿನ ಕಡೆ ಹೀಗಿಲ್ಲ. ಇಲ್ಲಿ ಗಿರಾಕಿ ಎಣಿಸುವುದು ರುಚಿಯನ್ನಲ್ಲ, ಕೊಟ್ಟ ಕಾಸಿಗೆ ಸಿಗುವ ಕಿಕ್ಕನ್ನು. 650 ಮಿಲಿಲೀಟರಿನ ಬಾಟಲಿಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಕೊಟ್ಟರೆ ಆಲ್ಕೋಹಾಲು ಒಂದೂವರೆ ಪಟ್ಟು ಬರುವುದಾದರೆ ಅವನು ಅರ್ಥಶಾಸ್ತ್ರ ಓದಿರಬೇಕಾಗಿಲ್ಲ.

ನಮ್ಮ ಬಿಯರಿಗೆ ‘ಗ್ಲಿಸರಿನ್’ ಹಾಕುತ್ತಾರೆ, ಅದರಿಂದಲೇ ತಲೆನೋವು ಎಂಬ ನಂಬಿಕೆಯೂ ಹಳೆಯದು. ಅದನ್ನು ತೆಗೆಯಲು ಬಾಟಲಿಯನ್ನು ನೀರು ತುಂಬಿದ ಲೋಟದಲ್ಲಿ ತಲೆಕೆಳಗೆ ಮಾಡಿ ಹಿಡಿಯುವವರಿದ್ದಾರೆ. ಎಣ್ಣೆಯಂಥ ಎಳೆ ಬಾಟಲಿಯಿಂದ ಇಳಿಯುವುದು ಕಣ್ಣಿಗೇ ಕಾಣುತ್ತದೆ, ‘ನೋಡಿದೆಯಾ’ ಎಂದು ಎಲ್ಲರೂ ತಲೆಯಾಡಿಸುತ್ತಾರೆ. ಇಳಿಯುತ್ತಿರುವುದು ಬಿಯರೇ. ಹುದುಗಿನಲ್ಲಿ ಯೀಸ್ಟ್ ತಿನ್ನಲಾರದೆ ಉಳಿಸಿದ ಸಕ್ಕರೆ ಸರಪಳಿಗಳಿಂದಾಗಿ ಬಿಯರ್ ನೀರಿಗಿಂತ ತುಸು ಭಾರ. ಅದು ಕೆಳಗಿಳಿದು ನೀರು ಮೇಲೇರುತ್ತದೆ. ಸಾಂದ್ರತೆ ಬೇರೆಯಾದ ಎರಡು ದ್ರವ ಬೆರೆಯುವಾಗ ಬೆಳಕು ಬಾಗಿ ಎಳೆಗಳಂತೆ ತೋರುತ್ತದೆ. ಗ್ಲಿಸರಿನ್ ಬಿಯರಿನಲ್ಲಿ ಇರುವುದೂ ನಿಜ, ಲೀಟರಿಗೆ ಒಂದೆರಡು ಗ್ರಾಂ. ಜಗತ್ತಿನ ಎಲ್ಲ ಬಿಯರಿನಲ್ಲೂ ಇದೆ, ಮಾಡುವುದು ಯೀಸ್ಟ್. ತಲೆನೋವಿಗೆ ಕಾರಣ ಹುಡುಕುವವರು ಖಾಲಿ ಬಾಟಲಿಗಳನ್ನು ಎಣಿಸಿದರೆ ಸಾಕು.

ಇಷ್ಟೆಲ್ಲ ಆದ ಮೇಲೆ ಸಾಮಾನ್ಯನ ನಾಲಿಗೆ ಮಂಕು ಎಂದು ಷರಾ ಬರೆದುಬಿಟ್ಟರೆ ಅನ್ಯಾಯ. ವ್ಯತ್ಯಾಸವೇ ಇಲ್ಲದ ಕಡೆ ನಾಲಿಗೆ ಸೋತರೆ ಅದು ನಾಲಿಗೆಯ ತಪ್ಪಲ್ಲ. ವ್ಯತ್ಯಾಸ ಇರುವ ಕಡೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರೇ ಉದಾಹರಣೆ. 2010ರಲ್ಲಿ ಇಂದಿರಾನಗರದಲ್ಲಿ ಟಾಯ್ಟ್ ಶುರುವಾಯಿತು, 2012ರ ಹೊತ್ತಿಗೆ ಆರ್ಬರ್, ವಿಂಡ್‌ಮಿಲ್ಸ್ ಬಂದವು, ಆಮೇಲೆ ಹತ್ತಾರು. ಕಣ್ಣೆದುರೇ ತಾಮ್ರ, ಸ್ಟೀಲಿನ ಹಂಡೆಗಳಲ್ಲಿ ಬಿಯರ್ ತಯಾರಿಸಿ ಅಲ್ಲೇ ಬಡಿಸುವ ಈ ಮೈಕ್ರೊಬ್ರೂವರಿಗಳಲ್ಲಿ ಮೊದಲ ಸಲ ಹೋದವರಿಗೆ ಪುಟ್ಟ ಲೋಟಗಳ ಸಾಲನ್ನೇ ತಂದಿಡುತ್ತಾರೆ. ಕರಿಬಣ್ಣದ ಸ್ಟೌಟ್, ಕಹಿ ಐಪಿಎ, ಬಾಸ್ಮತಿ ಅಕ್ಕಿ ಹಾಕಿದ್ದು, ಎಲ್ಲ ಇರುತ್ತದೆ. ಬಹಳಷ್ಟು ಮಂದಿಯ ಕೈ ಕೊನೆಗೆ ಹೋಗಿ ನಿಲ್ಲುವುದು ಗೋಧಿ ಬಿಯರಿನ ಮೇಲೆ. ಇಲ್ಲಿ ಜಾಹೀರಾತಿನ ಹಕ್ಕಿಯೂ ಇಲ್ಲ, ಲೇಬಲ್ಲೂ ಇಲ್ಲ.

ಜರ್ಮನ್ ಮಾದರಿಯ ಗೋಧಿ ಬಿಯರಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಾಲ್ಟ್ ಗೋಧಿಯದು. ಲೋಟ ಮೂಗಿನ ಬಳಿ ತಂದರೆ ಬಾಳೆಹಣ್ಣಿನ ವಾಸನೆ. ಯಾರೂ ಬಾಳೆಹಣ್ಣು ಹಾಕಿಲ್ಲ. ಮಾಗಿದ ಬಾಳೆಯಲ್ಲಿರುವ ಐಸೊಅಮೈಲ್ ಅಸಿಟೇಟ್ ಎಂಬ ಅಣುವನ್ನೇ ಯೀಸ್ಟ್ ತಯಾರಿಸಿರುತ್ತದೆ. ಅದರ ಹಿಂದೆ ಲವಂಗದ ಸುಳಿವು. ಅದು ಕಾಳಿನ ಸಿಪ್ಪೆಯ ಫೆರುಲಿಕ್ ಆಮ್ಲವನ್ನು ಯೀಸ್ಟ್ ಮಾರ್ಪಡಿಸಿದ್ದರ ಫಲ. ವಂಶವಾಹಿಗಳನ್ನು ಓದಿದ ಸಂಶೋಧಕರಿಗೆ 2016ರಲ್ಲಿ ಒಂದು ಸೊಗಸಾದ ಸಂಗತಿ ಕಂಡಿತು: ಬಹುಪಾಲು ಬಿಯರ್ ಯೀಸ್ಟ್‌ಗಳಲ್ಲಿ ಈ ಲವಂಗದ ವಾಸನೆ ತಯಾರಿಸುವ ಜೀನ್ ಕೆಟ್ಟುಹೋಗಿದೆ. ಕಾಡಿನ ಯೀಸ್ಟ್‌ನಲ್ಲಿ ಸರಿಯಾಗಿಯೇ ಇದೆ. ಸೂಕ್ಷ್ಮಜೀವಿ ಎಂಬುದೊಂದಿದೆ ಎಂದೇ ತಿಳಿಯದಿದ್ದ ಕಾಲದ ತಯಾರಕರು ಆ ವಾಸನೆ ಬಂದ ಹುದುಗನ್ನು ಚೆಲ್ಲಿ, ಬರದ್ದನ್ನು ಮುಂದಿನ ಸಲಕ್ಕೆ ಉಳಿಸುತ್ತ ಹೋದರು. ಗೋಧಿ ಬಿಯರಿನವರು ಮಾತ್ರ ಅದನ್ನು ಕಾಪಾಡಿಕೊಂಡರು. ಬೆಲ್ಜಿಯಂ ಮಾದರಿಯದರಲ್ಲಿ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಬೀಳುತ್ತವೆ. ಅಳಿದೇಹೋಗಿದ್ದ ಆ ಶೈಲಿಯನ್ನು 1960ರ ದಶಕದಲ್ಲಿ ಹೋಗಾರ್ಡನ್ ಎಂಬ ಹಳ್ಳಿಯಲ್ಲಿ ಎಬ್ಬಿಸಿದವನು ಪಿಯೆರ್ ಸೆಲಿಸ್, ಹಾಲು ಮಾರುತ್ತಿದ್ದವನು.

ಕಹಿಯನ್ನು ಅಳೆಯುವ ಅಂತರರಾಷ್ಟ್ರೀಯ ಮಾನದಲ್ಲಿ ಪಿಲ್ಸೆನ್ನಿನ ಮೂಲ ಬಿಯರ್ ಸುಮಾರು 40, ಗೋಧಿ ಬಿಯರ್ 8ರಿಂದ 15. ಕಹಿ ಕಡಿಮೆ, ಹಣ್ಣು, ಸಾಂಬಾರದ ವಾಸನೆ ಹೆಚ್ಚು. ಬಾಳೆ, ಲವಂಗ, ಕೊತ್ತಂಬರಿ, ಕಿತ್ತಳೆ ನಮ್ಮ ಮೂಗಿಗೆ ಹುಟ್ಟಿದಾಗಿನಿಂದ ಗೊತ್ತು. ಇದನ್ನು ಲಾಗರಿನ ಪಕ್ಕದಲ್ಲಿಟ್ಟು ಯಾರಿಗೆ ಬೇಕಾದರೂ ಕಣ್ಣುಕಟ್ಟಿ ಕೊಡಿ, ತಪ್ಪಾಗುವುದಿಲ್ಲ. 2015ರಲ್ಲಿ ಬಂದ ಬಿರಾ 91 ಕೂಡ ಕಹಿ ಇಳಿಸಿದ ಗೋಧಿ ಬಿಯರನ್ನು ಬಾಟಲಿಗೆ ತುಂಬಿಯೇ ಹೆಸರು ಮಾಡಿತು.

ಇದನ್ನು ಓದಿಯೂ ‘ನನ್ನ ಕೆಎಫ್ ನನಗೆ ಗೊತ್ತಾಗುತ್ತೆ’ ಎನ್ನುವವರು ಖಂಡಿತ ಇರುತ್ತಾರೆ, ಇರಲಿ. ಅವರು ಸರಿಯಾಗಿದ್ದರೂ ಇರಬಹುದು. ನೋಡಲು ದೊಡ್ಡ ಸಲಕರಣೆ ಬೇಡ. ಹನ್ನೆರಡು ಮಂದಿ, ತಲಾ ಮೂರು ಸ್ಟೀಲ್ ಲೋಟ. ಗಾಜಿನದು ಬೇಡ, ಬಣ್ಣ ಚಾಡಿ ಹೇಳುತ್ತದೆ. ಎರಡು ಲಾಗರ್, ಒಂದೇ ಫ್ರಿಜ್ಜಿನಲ್ಲಿ ಒಂದೇ ಹೊತ್ತು ಇಟ್ಟದ್ದು. ಎರಡು ಬಿಯರನ್ನು ಮೂರು ಲೋಟಗಳಲ್ಲಿ ಇಡುವ ಕ್ರಮಗಳು ಆರು. ಪ್ರತಿ ಕ್ರಮವೂ ಇಬ್ಬರಿಗೆ ಬರುವಂತೆ ಹಂಚಿ. ತಲಾ ಒಂದು ಗುಟುಕು, ನಡುವೆ ನೀರು. ನೆಂಚಿಕೊಳ್ಳಲು ಕಾಂಗ್ರೆಸ್ ಕಡಲೆಕಾಯಿ ಆಮೇಲೆ. ಉಪ್ಪುಖಾರ ನಾಲಿಗೆಯನ್ನು ಹಾಳುಮಾಡುತ್ತದೆ. ಯಾರೂ ಮಾತಾಡಕೂಡದು, ಚೀಟಿಯಲ್ಲಿ ಬರೆದು ಕೊಡಬೇಕು. ಹನ್ನೆರಡರಲ್ಲಿ ನಾಲ್ವರು ಸರಿ ಹೇಳಿದರೆ ಅದು ಬರೀ ಅದೃಷ್ಟ. ಏಳು ಮಂದಿ ಸರಿಯಾದರೂ ಹಿಗ್ಗಬೇಡಿ. ಏನೂ ಗೊತ್ತಿಲ್ಲದವರಿಗೂ ಏಳು ಅಥವಾ ಹೆಚ್ಚು ಸರಿಯಾಗುವ ಸಂಭವ ನೂರಕ್ಕೆ ಆರರ ಮೇಲಿದೆ. ಎಂಟಾದರೆ ಆ ಸಂಭವ ನೂರಕ್ಕೆ ಎರಡಕ್ಕಿಂತ ಕೆಳಗೆ ಇಳಿಯುತ್ತದೆ. ಆಗ ಗಾಸೆಟ್ ಕೂಡ ತಲೆದೂಗುತ್ತಾನೆ. ಲೋಟ ತುಂಬಿ ಲೆಕ್ಕ ಬರೆಯುವ ಕೆಲಸ ಕುಡಿಯದವರಿಗೆ ಕೊಡಿ, ರಾತ್ರಿ ಎಲ್ಲರನ್ನೂ ಮನೆ ಮುಟ್ಟಿಸುವವರೂ ಅವರೇ.